ಮೂರು ಪುಸ್ತಕ, ಒಂದು ಮಹಜರು

ತುಮಕೂರಿನ ಸತ್ಯಮಂಗಲದ ಸಣ್ಣ ಕೈಗಾರಿಕೆಯವರು ಆಗಾಗ ಸೇರುವ ಸಭೆಯಲ್ಲಿ ನನ್ನನ್ನು ಒಮ್ಮೆ ಮಾತಾಡಲು ಕರೆದರು. ಸಣ್ಣ ವ್ಯಾಪಾರ ಬೆಳೆಸಲು ಯಾವ ಪುಸ್ತಕ ಓದಬೇಕು, ಇದು ವಿಷಯ. ಮಚ್ಚು ಕುಡುಗೋಲು ಬಡಿಯುವವನನ್ನು ಈ ವಿಷಯಕ್ಕೆ ಯಾಕೆ ಕರೆದರೋ ಗೊತ್ತಿಲ್ಲ. ಅಲ್ಲಿದ್ದವರಲ್ಲಿ ಪುಸ್ತಕ ಕೊಂಡು ಓದಿದವನು ಇವನೊಬ್ಬನೇ ಎಂದು ಯಾರೋ ಹೇಳಿರಬೇಕು. ಹತ್ತು ನಿಮಿಷ ಕೊಟ್ಟಿದ್ದರು. ಎದ್ದು ನಿಂತೆ, ಎರಡು ಮಾತಾಡಿದೆ, ಜೇಬಿಗೆ ಕೈ ಹಾಕಿದೆ, ಕೂತುಬಿಟ್ಟೆ. ಕಾಫಿ ಬಂದದ್ದರಿಂದ ಮಾನ ಉಳಿಯಿತು.

ಅವತ್ತು ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಓದಿದ್ದು ಮೂರು ಪುಸ್ತಕ. ಆ ಮೂರೂ ಸೇರಿ ಒಬ್ಬರ ಬಲಗೈ ತಿಂದವು. ತಪ್ಪು ಪುಸ್ತಕದ್ದೋ ಓದಿದವನದ್ದೋ ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ, ಓದಿದವನದ್ದು.

ನಮ್ಮಪ್ಪನ ಕುಲುಮೆ ಗುಬ್ಬಿಯಲ್ಲಿತ್ತು. ಹಳೇ ಲಾರಿಗಳ ಸ್ಪ್ರಿಂಗ್ ಪಟ್ಟಿ ತಂದು, ಕಾಯಿಸಿ ಬಡಿದು, ಮಚ್ಚು, ಕುಡುಗೋಲು, ಕಾಯಿ ಸುಲಿಯುವ ಹಾರೆ ಮಾಡುತ್ತಿದ್ದ. ಅಪ್ಪನ ಕೈ ಮಹಾ ಕೆಟ್ಟ ಕೈ. ಕಬ್ಬಿಣಕ್ಕೂ ನಮಗೂ ಅದು ಭೇದ ಮಾಡುತ್ತಿರಲಿಲ್ಲ. ತಿದಿ ಒತ್ತುವುದು ನಿಧಾನವಾದರೆ ಬೆನ್ನಿಗೆ ಬೀಳುತ್ತಿತ್ತು, ಸುತ್ತಿಗೆ ಏಟು ತಪ್ಪಿದರೆ ಕೆನ್ನೆಗೆ. ಒಮ್ಮೆ ಮಚ್ಚಿನ ಹಿಡಿಗೆ ತಂದಿದ್ದ ಜಾಲಿ ಕಟ್ಟಿಗೆಯಲ್ಲಿ ಹೊಡೆದು ನನ್ನ ಎಡಗೈ ಕಿರುಬೆರಳು ಮುರಿದ. ಅದು ಇವತ್ತಿಗೂ ಸೊಟ್ಟಗಿದೆ. ಹೊಡೆದ ಮೇಲೆ ಅವನೇ ಸೈಕಲ್ ಮೇಲೆ ಕೂರಿಸಿಕೊಂಡು ಪಟ್ಟು ಹಾಕುವವರ ಹತ್ತಿರ ಕರೆದುಕೊಂಡು ಹೋದ. ನನಗೆ ಅವನ ಮೇಲೆ ಎಂಥ ದ್ವೇಷವಿತ್ತೆಂದರೆ, ಅವನು ನೀರಿಗೆ ಬಿದ್ದರೆ ನೋಡುತ್ತಾ ನಿಲ್ಲುತ್ತೇನೆ ಅಂದುಕೊಂಡಿದ್ದೆ. ಆದರೆ ದೊಡ್ಡವನಾಗುತ್ತಾ ಅದೇ ಕೈ ನನಗೂ ಬಂತು. ಮಾತು ಆಮೇಲೆ, ಕೈ ಮೊದಲು. ಬಸ್ಸಿನಲ್ಲಿ ಸೀಟಿಗಾಗಿ, ಹೋಟೆಲಿನಲ್ಲಿ ತಣ್ಣಗಿನ ಇಡ್ಲಿಗಾಗಿ, ಎಲ್ಲೆಂದರಲ್ಲಿ ಜಗಳವಾಡಿ ಮೂತಿ ಒಡೆಸಿಕೊಂಡು ಬರುತ್ತಿದ್ದೆ.

ಇಂಥ ಅಪ್ಪನಿಗೆ ವ್ಯಾಪಾರದಲ್ಲಿ ಒಂದು ವಿಚಿತ್ರ ಪದ್ಧತಿಯಿತ್ತು. ಮಚ್ಚನ್ನು ಕೇಳಿದ ದಿನ ಯಾರಿಗೂ ಕೊಡುತ್ತಿರಲಿಲ್ಲ. ಅಂಗಡಿಯಲ್ಲಿ ನೇತುಹಾಕಿದ್ದೆಲ್ಲ ಮೊಂಡು. ಗಿರಾಕಿ ಬಂದು ಒಂದನ್ನು ಆರಿಸಬೇಕು, ಹಿಡಿ ಹಿಡಿದು ನೋಡಬೇಕು, ಹೋಗಬೇಕು. ಅವತ್ತು ಸಂಜೆ ಅಪ್ಪ ಅದಕ್ಕೆ ಸಾಣೆ ಹಿಡಿದು ಹರಿತ ಮಾಡಿ, ಪೇಪರಿನಲ್ಲಿ ಸುತ್ತಿ ಬೆಂಚಿನ ಕೆಳಗೆ ಇಡುತ್ತಿದ್ದ. ಗಿರಾಕಿ ಮಾರನೇ ದಿನ ಬಂದು ತೆಗೆದುಕೊಂಡು ಹೋಗಬೇಕು.

"ಯಜಮಾನ್ರೇ, ಹೆಬ್ಬೂರಿಂದ ಎರಡು ಬಸ್ ಹತ್ತಿ ಬಂದಿದೀನಿ, ಇವತ್ತೇ ಮಸೆದು ಕೊಟ್ಬುಡಿ" ಎಂದು ಜನ ಗೋಗರೆಯುತ್ತಿದ್ದರು.

"ನಾಳೆ ಬಾ" ಅನ್ನುತ್ತಿದ್ದ ಅಪ್ಪ, ತಲೆ ಕೂಡ ಎತ್ತದೆ.

ಕಾರಣ ಕೇಳಿದರೆ ಹೇಳುತ್ತಿರಲಿಲ್ಲ. ನಾನು ಅದನ್ನು ಸೋಮಾರಿತನ ಅಂದುಕೊಂಡೆ. ಆಮೇಲೆ ಕೊಬ್ಬು ಅಂದುಕೊಂಡೆ. ಬಂದವರಲ್ಲಿ ಎಷ್ಟೋ ಜನ ಬಾಯಿಗೆ ಬಂದ ಹಾಗೆ ಬೈದುಕೊಂಡು ಹೋಗಿ ಬೇರೆ ಕಡೆ ಕೊಳ್ಳುತ್ತಿದ್ದರು. ನಮ್ಮ ಕಬ್ಬಿಣ ಒಳ್ಳೆಯದಿತ್ತು, ಹದ ಒಳ್ಳೆಯದಿತ್ತು, ಆದರೂ ಕುಲುಮೆ ಇದ್ದ ಜಾಗದಿಂದ ಒಂದು ಮೊಳ ಅತ್ತಿತ್ತ ಬೆಳೆಯಲಿಲ್ಲ. ನೋಡಿ ನೋಡಿ ನನ್ನ ಹೊಟ್ಟೆ ಉರಿಯುತ್ತಿತ್ತು.

ತೊಂಬತ್ತರ ದಶಕದ ನಡುವೆ ತುಮಕೂರಿನಲ್ಲಿ ಸ್ವಂತ ಉದ್ಯೋಗ ಮಾಡುವವರಿಗೆ ಮೂರು ದಿನದ ತರಬೇತಿ ಇಟ್ಟಿದ್ದರು. ಮಧ್ಯಾಹ್ನದ ಊಟ ಪುಕ್ಕಟೆ ಎಂದು ಹೋದೆ. ಕೊನೆಯ ದಿನ ಟೈ ಕಟ್ಟಿದ ಮೇಷ್ಟ್ರು ಒಂದು ಜೆರಾಕ್ಸ್ ಹಾಳೆ ಹಂಚಿದರು. ವ್ಯಾಪಾರ ಬೆಳೆಯಬೇಕಾದರೆ ಓದಲೇಬೇಕಾದ ಪುಸ್ತಕಗಳ ಪಟ್ಟಿ. ಅದನ್ನು ಹಿಡಿದು ಬಸ್ ಸ್ಟ್ಯಾಂಡಿನ ಹತ್ತಿರ ಫುಟ್‌ಪಾತಿನಲ್ಲಿ ಹಳೇ ಪುಸ್ತಕ ಮಾರುವವನ ಮುಂದೆ ಕುಕ್ಕರಗಾಲಲ್ಲಿ ಕೂತೆ. ಮೂರು ಸಿಕ್ಕವು. ಹೆಸರು ಬರೆಯುವುದಿಲ್ಲ, ಯಾರಿಗೂ ಅದರಿಂದ ಲಾಭವಿಲ್ಲ. ಒಂದಕ್ಕೆ ಕೆಂಪು ರಟ್ಟು, ಒಂದಕ್ಕೆ ಏಣಿ ಹತ್ತುವ ಮನುಷ್ಯನ ಚಿತ್ರ, ಇನ್ನೊಂದಕ್ಕೆ ರಟ್ಟೇ ಇರಲಿಲ್ಲ.

ಹತ್ತನೇ ಕ್ಲಾಸ್ ಪಾಸಾದ ಮೇಲೆ ನಾನು ಓದಿದ ಮೊದಲ ಪುಸ್ತಕಗಳು ಅವು. ಅಕ್ಷರಕ್ಕೆ ಬೆರಳಿಟ್ಟುಕೊಂಡು ಓದಿದೆ. ಏಣಿ ಮನುಷ್ಯನ ಪುಸ್ತಕ, ನಿನ್ನ ಸಾಮಾನಿಗೆ ಒಂದು ಗುರುತು ಇರಬೇಕು ಅನ್ನುತ್ತಿತ್ತು. ರಟ್ಟಿಲ್ಲದ್ದು, ಗಿರಾಕಿಯನ್ನು ಪ್ರಶ್ನೆ ಕೇಳಬೇಡ, ಅವನಿಗೆ ಬೇಕಾದ್ದನ್ನು ನಗುತ್ತಾ ಕೊಡು ಅನ್ನುತ್ತಿತ್ತು. ಕೆಂಪು ಪುಸ್ತಕ ನೇರವಾಗಿ ನಮ್ಮಪ್ಪನ ಬಗ್ಗೆಯೇ ಬರೆದ ಹಾಗಿತ್ತು. ಬಂದ ಗಿರಾಕಿಯನ್ನು ನಾಳೆ ಬಾ ಎಂದು ಕಳಿಸುವವನು ತನ್ನ ಅಂಗಡಿಗೆ ತಾನೇ ಬೀಗ ಹಾಕುತ್ತಾನೆ ಅನ್ನುವ ಅರ್ಥದ ಮಾತು ಅದರಲ್ಲಿತ್ತು. ಆ ಸಾಲಿನ ಕೆಳಗೆ ಗೆರೆ ಎಳೆದೆ. ಪೆನ್ನು ಒತ್ತಿದ ರಭಸಕ್ಕೆ ಹಾಳೆ ಹರಿಯಿತು.

ಮಾರನೇ ಬೆಳಿಗ್ಗೆ ಕುಲುಮೆಯ ಮುಂದೆ ನಿಂತು ಆ ಪುಟವನ್ನು ಅಪ್ಪನಿಗೆ ಗಟ್ಟಿಯಾಗಿ ಓದಿದೆ. ಅಪ್ಪ ಕೇಳಿಸಿಕೊಂಡ.

"ಬರೆದೋನು ಮಚ್ಚು ಮಾಡ್ತಿದ್ನೇನ್ಲಾ?" ಅಂದ.

"ಯಾವ ವ್ಯಾಪಾರ ಆದ್ರೂ ಅಷ್ಟೇ. ನಿಂಗೆ ಮಾಡಕ್ಕೆ ಮೈ ಬಗ್ಗಲ್ಲ, ಅದ್ಕೆ ನಾಳೆ ನಾಳೆ ಅಂತೀಯ" ಅಂದೆ.

ಇಕ್ಕಳ ಬಂದದ್ದು ಕಾಣಲಿಲ್ಲ. ಹುಬ್ಬಿನ ಮೇಲೆ ಬಿತ್ತು. ರಕ್ತ ಕಣ್ಣಿಗಿಳಿದು ಅಪ್ಪ, ಬೆಂಕಿ, ಕಬ್ಬಿಣ ಬಡಿಯುವ ಅಡಿಗಲ್ಲು ಎಲ್ಲ ಕೆಂಪಾಗಿ ಕಂಡವು. ನಾನೂ ಬಿಡಲಿಲ್ಲ. ಮೊದಲ ಸಲ ಅಪ್ಪನ ಎದೆಗೆ ಕೈ ಹಾಕಿ ಗೋಡೆಗೆ ನೂಕಿದೆ. ಅವನ ತಲೆ ಗೋಡೆಗೆ ತಗುಲಿದ ಸದ್ದು ಕೇಳಿ ಅಮ್ಮ ಅಡುಗೆಮನೆಯಿಂದ ಓಡಿ ಬಂದಳು. ಅಪ್ಪ ಉಸಿರು ಎಳೆದುಕೊಳ್ಳುತ್ತಾ ನನ್ನನ್ನೇ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು. ಮುದುಕ ನನಗೆ ಹೆದರಿದ ಅಂದುಕೊಂಡು ಹಿಗ್ಗಿದೆ. ಪುಸ್ತಕಗಳನ್ನು ಚೀಲಕ್ಕೆ ತುಂಬಿಕೊಂಡು ಅವತ್ತೇ ಮನೆ ಬಿಟ್ಟೆ.

ಶೆಟ್ಟಿಹಳ್ಳಿಯಲ್ಲಿ ಒಂದು ರೂಮು, ಸತ್ಯಮಂಗಲದಲ್ಲಿ ಒಂದು ಶೆಡ್ಡು, ಕರೆಂಟಿನ ಸಾಣೆ ಕಲ್ಲು. ಮಾಡಿದ್ದನ್ನು ಮಾರಲು ಕುಣಿಗಲ್ಲಿನಲ್ಲಿ ಒಂದು ಅಂಗಡಿ. ಕುಣಿಗಲ್ ಯಾಕೆಂದರೆ ಅಪ್ಪನ ನೆರಳು ಅಲ್ಲಿಗೆ ಬೀಳುತ್ತಿರಲಿಲ್ಲ. ಪುಸ್ತಕ ಹೇಳಿದ್ದನ್ನೆಲ್ಲ ಮಾಡಿದೆ. ಪ್ರತಿ ಮಚ್ಚಿನ ಮೇಲೂ ಹಿಡಿಯ ಪಕ್ಕ ಒಂದು ನಕ್ಷತ್ರದ ಗುರುತು ಒತ್ತಿದೆ. ಅಂಗಡಿ ಮೇಲೆ 'ಕೇಳಿದ ತಕ್ಷಣ ಹರಿತವಾದ ಮಚ್ಚು ಸಿಗುತ್ತದೆ' ಎಂದು ಬೋರ್ಡು ಬರೆಸಿದೆ. ಅಪ್ಪ ನೋಡಬೇಕು ಅಂದುಕೊಂಡೇ ಬರೆಸಿದೆ. ಅಂಗಡಿ ಬೆಳೆಯಿತು, ಸುಳ್ಳು ಹೇಳುವುದಿಲ್ಲ. ಎಳನೀರು ಕೊಚ್ಚುವವರು, ಕಾಯಿ ಮಂಡಿಯವರು, ಸೌದೆಯವರು, ಕಬ್ಬಿನವರು, ಎಲ್ಲರೂ ನಕ್ಷತ್ರದ ಮಚ್ಚು ಕೇಳಿಕೊಂಡು ಬರತೊಡಗಿದರು. ಅಪ್ಪನ ಹಳೇ ಗಿರಾಕಿಗಳೂ ಬಂದರು. ನನ್ನ ಮೀಸೆ ಅಡಿಯಲ್ಲಿ ಎರಡು ವರ್ಷ ನಗು ಆರಲಿಲ್ಲ.

ಆ ದಿನ ಬೆಳಿಗ್ಗೆ ಹನ್ನೊಂದರ ಹೊತ್ತು. ನಲವತ್ತರ ಆಚೆಯ ಒಬ್ಬ ರೈತರು ಅಂಗಡಿಗೆ ಬಂದರು. ಶರ್ಟಿನ ಮೇಲಿನ ಗುಂಡಿ ಕಿತ್ತುಹೋಗಿತ್ತು. ಕೆಳದುಟಿ ಒಡೆದು ರಕ್ತ ಒಣಗಿತ್ತು. ಒಂದೇ ಕಾಲಲ್ಲಿ ಚಪ್ಪಲಿ.

"ಒಂದ್ ಮಚ್ಚು ಕೊಡಿ" ಅಂದರು.

ನನಗೆ ಗೊತ್ತಾಯಿತು. ಜಗಳವಾಡಿ ಬಂದ ಮೈ ಹೇಗಿರುತ್ತದೆಂದು ನನಗಿಂತ ಚೆನ್ನಾಗಿ ಗೊತ್ತಿರುವವನು ಯಾರು? ಅವರ ಕತ್ತಿನ ನರ ಕುಣಿಯುತ್ತಿತ್ತು. ಏನಾಯ್ತಣ್ಣ, ಕೂತ್ಕಳಿ, ಒಂದು ಲೋಟ ನೀರು ಕುಡೀರಿ ಎಂದು ಹೇಳಬಹುದಿತ್ತು. ಪ್ರಶ್ನೆ ಕೇಳಬೇಡ ಅಂದಿತ್ತು ಪುಸ್ತಕ. ನಕ್ಕೆ.

"ದೊಡ್ಡದಾ, ಸಣ್ಣದಾ?" ಅಂದೆ.

ದೊಡ್ಡದನ್ನೇ ಕೈಗೆತ್ತಿಕೊಂಡು ಹೆಬ್ಬೆರಳ ಉಗುರಿನ ಮೇಲೆ ಎಳೆದು ನೋಡಿದರು. ನಾನು ಪೇಪರ್ ತೆಗೆದೆ.

"ಸುತ್ತೋದು ಬೇಡ" ಅಂದರು.

ಬಸ್ಸಿನಲ್ಲಿ ಊರಿಗೆ ಹೋಗುವವನು ಯಾರೂ ಬರೀ ಮಚ್ಚು ಹಿಡಿದು ಹತ್ತುವುದಿಲ್ಲ. ಅಷ್ಟು ಗೊತ್ತಿದ್ದೂ ಕೊಟ್ಟೆ. ಹೋಗುವಾಗ "ಮತ್ತೆ ಬನ್ನಿ" ಅಂದೆ. ಇದನ್ನು ಬರೆಯುವಾಗಲೂ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಹತ್ತು ನಿಮಿಷ ಆಗಿರಲಿಲ್ಲ, ಬಸ್ ನಿಲ್ಲುವ ಕಡೆಯಿಂದ ಕೂಗು ಕೇಳಿಸಿತು. ಓಡಿದೆ. ಜನ ಸುತ್ತ ನಿಂತಿದ್ದರು, ಯಾರೂ ಹತ್ತಿರ ಹೋಗುತ್ತಿರಲಿಲ್ಲ. ಮಚ್ಚು ಕೊಂಡವರ ಸ್ವಂತ ತಮ್ಮ ನೆಲದ ಮೇಲೆ ಕೂತಿದ್ದರು. ಬದುವಿನ ಮೇಲಿದ್ದ ಎರಡು ತೆಂಗಿನ ಮರ ಯಾರಿಗೆ ಸೇರಬೇಕು ಅನ್ನುವುದಕ್ಕೆ ಅಣ್ಣ ತಮ್ಮ ಬೆಳಿಗ್ಗೆ ತಾಲೂಕು ಕಚೇರಿಗೆ ಬಂದಿದ್ದರಂತೆ, ಹೊರಗೆ ಕೈ ಕೈ ಮಿಲಾಯಿಸಿದ್ದರಂತೆ. ಊರಿನ ಬಸ್ಸಿಗೆ ತಮ್ಮ ಕಾಯುತ್ತಾ ನಿಂತಿದ್ದಾಗ ಅಣ್ಣ ಬಂದು ಬೀಸಿದ. ತಲೆಗೆ ಬೀಳಬೇಕಾದ್ದಕ್ಕೆ ಅವರು ಬಲಗೈ ಅಡ್ಡ ಕೊಟ್ಟರು. ಮಣಿಕಟ್ಟಿನಿಂದ ಮುಂದಿನದು ಒಂದು ಚೂರು ಚರ್ಮದಲ್ಲಿ ಜೋತಾಡುತ್ತಿತ್ತು. ನನ್ನ ಮಚ್ಚು ಅಷ್ಟು ಚೆನ್ನಾಗಿತ್ತು.

ಶರ್ಟು ಬಿಚ್ಚಿ ಕೈಗೆ ಬಿಗಿದು ಕಟ್ಟಿದೆ. ರಕ್ತ ನನ್ನ ಹೊಟ್ಟೆ ಮೇಲೆ ಬಿಸಿಯಾಗಿ ಹರಿಯಿತು. ಅವರು ಅಳುತ್ತಿರಲಿಲ್ಲ, "ನಮ್ಮಣ್ಣ ಎಲ್ಲಿ, ನಮ್ಮಣ್ಣ ಎಲ್ಲಿ" ಅನ್ನುತ್ತಿದ್ದರು. ಅಣ್ಣ ಅಲ್ಲೇ ಎರಡು ಮಾರು ದೂರದಲ್ಲಿ ಕುಕ್ಕರಿಸಿ ತನ್ನ ಮುಖಕ್ಕೆ ತಾನೇ ಹೊಡೆದುಕೊಳ್ಳುತ್ತಿದ್ದ. ಇಬ್ಬರ ನಡುವೆ ಮಚ್ಚು ಬಿದ್ದಿತ್ತು. ನಕ್ಷತ್ರ ಮೇಲಾಗಿ ಬಿದ್ದಿತ್ತು. ಆಟೋ ಹತ್ತಿಸಿ ಆಸ್ಪತ್ರೆಗೆ ಸೇರಿಸಿದೆವು. ಜೀವ ಉಳಿಯಿತು, ಕೈ ಉಳಿಯಲಿಲ್ಲ.

ನಕ್ಷತ್ರ ನೋಡಿಕೊಂಡು ಪೊಲೀಸರು ಮಧ್ಯಾಹ್ನವೇ ಬಂದು ನನ್ನನ್ನು ಸ್ಟೇಷನ್ನಿಗೆ ಕರೆದುಕೊಂಡು ಹೋದರು. ಏಣಿ ಮನುಷ್ಯನ ಪುಸ್ತಕ ಸರಿಯಾಗೇ ಹೇಳಿತ್ತು, ಗುರುತಿದ್ದರೆ ಜನ ಹುಡುಕಿಕೊಂಡು ಬರುತ್ತಾರೆ. ಇದು ನಿನ್ನ ಅಂಗಡಿಯದೇನೋ ಎಂದು ಕೇಳಿದರು, ಹೌದು ಅಂದೆ. ಮಚ್ಚು ವಶಪಡಿಸಿಕೊಂಡಾಗ ಬರೆದಿದ್ದ ಮಹಜರನ್ನು ಓದಲು ಕೊಟ್ಟರು. ಮಚ್ಚಿನ ಉದ್ದ, ಅಗಲ, ಜಾಲಿ ಮರದ ಹಿಡಿ, ಹಿಡಿಯ ಪಕ್ಕ ನಕ್ಷತ್ರದ ಗುರುತು, ಒಂದನ್ನೂ ಬಿಟ್ಟಿರಲಿಲ್ಲ. ನಾನು ಮಾಡಿದ ವಸ್ತುವನ್ನು ಅಷ್ಟು ಶ್ರದ್ಧೆಯಿಂದ ನೋಡಿ ಬರೆದವರು ಅದಕ್ಕೆ ಮುಂಚೆ ಯಾರೂ ಇರಲಿಲ್ಲ. ಕೊನೆಯಲ್ಲಿ, ಮಚ್ಚು ಹೊಸದಾಗಿದ್ದು, ಹರಿತವಾಗಿದ್ದು, ರಕ್ತದ ಕಲೆಗಳಿಂದ ಕೂಡಿದೆ ಎಂದಿತ್ತು. ಹೊಸದಾಗಿದ್ದು, ಹರಿತವಾಗಿದ್ದು. ಹರಿತ ಅನ್ನುವುದು ನನ್ನ ಬೋರ್ಡಿನ ಮಾತೇ ಆಗಿತ್ತು.

ಸಾಕ್ಷಿಯೆಂದು ರುಜು ಹಾಕಿಸಿಕೊಂಡು ಸಂಜೆ ಬಿಟ್ಟರು. ಯಾರು ಹೇಳಿ ಕಳಿಸಿದರೋ, ಅಷ್ಟು ಹೊತ್ತಿಗೆ ಅಪ್ಪ ಗುಬ್ಬಿಯಿಂದ ಬಂದು ಸ್ಟೇಷನ್ ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದ. ಹುಬ್ಬು ಒಡೆದ ದಿನದಿಂದ ಅವನನ್ನು ನೋಡಿರಲಿಲ್ಲ. ಹೊಡೆಯುತ್ತಾನೆ ಎಂದು ಕಾದೆ. ಹೊಡೆಯಲಿ ಎಂದು ಕಾದೆ. ಅವನು ಹೊಡೆಯಲಿಲ್ಲ. ತುಮಕೂರಿನ ಬಸ್ಸಿನಲ್ಲಿ ಪಕ್ಕ ಕೂತು ತನ್ನ ಎರಡೂ ಕೈಗಳನ್ನು ಮಂಡಿ ಮೇಲೆ ಮಗುಚಿ ಹಾಕಿ ನೋಡಿಕೊಂಡ.

"ನಾನ್ಯಾಕೆ ನಾಳೆ ಬಾ ಅಂತಿದ್ದೆ ಅಂತ ಎಷ್ಟೋ ಸಲ ಕೇಳ್ದೆ ನೀನು" ಅಂದ. "ನನ್ ಕೈ ನಂಗೊತ್ತು ಕಣ್ಲಾ. ಸಿಟ್ಟು ಬಂದ್ರೆ ಅದು ನನ್ ಮಾತ್ ಕೇಳಲ್ಲ. ಒಂದ್ ರಾತ್ರಿ ಕಳೀಬೇಕು. ನಂಗಾಗೋದು ಇನ್ನೊಬ್ಬಂಗೂ ಆಗುತ್ತಲ್ವಾ."

ಮೂವತ್ತು ವರ್ಷ ಅವನು ಈ ಮಾತನ್ನು ಬಾಯಿ ಬಿಟ್ಟು ಹೇಳಿರಲಿಲ್ಲ. ಹೇಳಲು ನಾಚಿಕೆಯಾಗಿತ್ತೇನೋ. ಮಗನಿಗೆ ಒಂದು ಸಲ ಹೇಳಿದ್ದರೆ ಏನು ಗಂಟು ಹೋಗುತ್ತಿತ್ತು ಎಂದು ಆ ಬಸ್ಸಿನಲ್ಲೇ ಅವನ ಮೇಲೆ ಮತ್ತೆ ಸಿಟ್ಟು ಬಂತು. ಸಿಟ್ಟಿನ ಜೊತೆಗೇ ಅಳುವೂ ಬಂತು. ಕಿಟಕಿ ಕಡೆ ತಿರುಗಿ ಕೂತೆ.

ಅಂಗಡಿ ಮುಚ್ಚಲಿಲ್ಲ, ಹೊಟ್ಟೆಪಾಡು. ಬೋರ್ಡು ಇಳಿಸಿದೆ. ಅಪ್ಪ ಗುಬ್ಬಿಯಿಂದ ನನ್ನ ಕೆಲಸಕ್ಕೆ ಬಂದು ಹೋಗತೊಡಗಿದ, ಅಂಗಡಿಯಲ್ಲಿದ್ದ ಅಷ್ಟೂ ಮಚ್ಚುಗಳನ್ನು ಒಂದೊಂದಾಗಿ ಕಲ್ಲಿಗೆ ಬಡಿದು ಮೊಂಡು ಮಾಡಿದ. ನಾನೂ ಗಿರಾಕಿಗಳಿಗೆ ನಾಳೆ ಬನ್ನಿ ಅನ್ನತೊಡಗಿದೆ. ಅವರೂ ಬೈಯತೊಡಗಿದರು.

ಎರಡು ತಿಂಗಳಾಗಿರಬೇಕು. ತಮ್ಮನ ಕೈ ಕಡಿದ ಅಣ್ಣ ಬೇಲ್ ಮೇಲೆ ಊರಿಗೆ ಬಂದ ಸುದ್ದಿ ಹಬ್ಬಿತು. ಅವತ್ತೇ ಕೈ ಕಳೆದುಕೊಂಡವರ ಹೆಂಡತಿಯ ತಮ್ಮ ನನ್ನ ಅಂಗಡಿಗೆ ಬಂದ. ಆಳು ಬಾಗಿಲಿನಷ್ಟಿದ್ದ.

"ಅವತ್ತು ಅವನಿಗೆ ಕೊಟ್ಟಲ್ಲ, ಅಂಥದ್ದೇ ನಂಗೂ ಒಂದು ಕೊಡು" ಅಂದ.

"ಆರಿಸ್ಕೊಳಿ. ನಾಳೆ ಬನ್ನಿ, ಮಸೆದಿಟ್ಟಿರ್ತೀನಿ."

"ಅವನಿಗೆ ನಾಳೆ ಅಂದ್ಯೇನ್ಲಾ?"

ನೇತುಹಾಕಿದ್ದ ಒಂದನ್ನು ಕಿತ್ತುಕೊಂಡು ನನ್ನ ಮೇಲೆ ಬೀಸಿದ. ಭುಜಕ್ಕೆ ಬಿತ್ತು. ಒಳಗೆ ಕಟಕ್ ಎಂದದ್ದು ನನಗೇ ಕೇಳಿಸಿತು. ಎರಡನೆಯದು ಪಕ್ಕೆಗೆ, ಮೂರನೆಯದು ತೊಡೆಗೆ. ನೆಲಕ್ಕೆ ಬಿದ್ದೆ. ಅದು ಮೊಂಡು ಮಚ್ಚು. ಹರಿತವಿದ್ದಿದ್ದರೆ ಈ ಸಾಲುಗಳನ್ನು ಬರೆಯಲು ನಾನು ಇರುತ್ತಿರಲಿಲ್ಲ, ಇದರಲ್ಲಿ ಉತ್ಪ್ರೇಕ್ಷೆ ಇಲ್ಲ.

ಬಿದ್ದ ಕಡೆಯೇ ಬೆಂಚಿನ ಕೆಳಗೆ ಪೇಪರಿನಲ್ಲಿ ಸುತ್ತಿದ್ದ ಒಂದು ಮಚ್ಚಿತ್ತು. ಹಿಂದಿನ ದಿನದ ಗಿರಾಕಿಗೆಂದು ಅಪ್ಪ ಬೆಳಿಗ್ಗೆ ತಂದಿಟ್ಟದ್ದು, ಕೂದಲು ಸೀಳುವಷ್ಟು ಹರಿತ. ನನ್ನ ಒಳ್ಳೆಯ ಕೈ ಅದರ ಹಿಡಿಗೆ ಹೋಯಿತು. ನಾನು ಕಳಿಸಲಿಲ್ಲ, ತಾನಾಗಿ ಹೋಯಿತು. ಪೇಪರ್ ಹರಿದ ಸದ್ದೂ ಆಯಿತು. ಅವನ ಮೊಣಕಾಲು ನನ್ನ ಕಣ್ಣ ಮುಂದೆಯೇ ಇತ್ತು. ಕೊಚ್ಚಿ ಹಾಕುತ್ತೇನೆ ಅನ್ನುವುದೊಂದು ಬಿಟ್ಟು ತಲೆಯಲ್ಲಿ ಬೇರೇನೂ ಇರಲಿಲ್ಲ. ಅಮ್ಮನ ನೆನಪಿಲ್ಲ, ನೆಲದ ಮೇಲೆ ಕೂತಿದ್ದ ಆ ತಮ್ಮನ ನೆನಪೂ ಇಲ್ಲ.

ಮಣಿಕಟ್ಟಿನ ಮೇಲೆ ಅಪ್ಪನ ಕಾಲು ಬಿತ್ತು. ಅಂಗಡಿ ಹಿಂದಿನಿಂದ ಬಂದವನು ತನ್ನ ಪೂರ್ತಿ ಭಾರ ಹಾಕಿ ನನ್ನ ಕೈಯನ್ನು ನೆಲಕ್ಕೆ ತುಳಿದು ನಿಂತ. ಬೆರಳುಗಳು ತೆರೆದುಕೊಳ್ಳುವವರೆಗೆ ತುಳಿದ.

"ನಾಳೆ ಕಣ್ಲಾ" ಅಂದ. "ಏನಿದ್ರೂ ನಾಳೆ."

ಬಂದವನು ನಮ್ಮಿಬ್ಬರನ್ನೂ ನೋಡಿದ. ಮಗನ ಕೈ ತುಳಿಯುತ್ತಾ ನಿಂತ ಮುದುಕನನ್ನು ನೋಡಿ ಅವನಿಗೆ ಏನನ್ನಿಸಿತೋ, ಮಚ್ಚು ಬಿಸಾಕಿ ಹೊರಟುಹೋದ. ಮಾರನೇ ದಿನ ಅವನಿಗಾಗಿ ಎದುರು ನೋಡಿದೆವು. ಬರಲಿಲ್ಲ. ಅಣ್ಣನ ಮನೆಗೂ ಹೋಗಲಿಲ್ಲವಂತೆ.

ನಾನು ಅವನ ಮೇಲೆ ದೂರು ಕೊಡಲಿಲ್ಲ. ಭುಜದ ಮೂಳೆ ಕೂಡಲು ಎರಡು ತಿಂಗಳು ಹಿಡಿಯಿತು. ಅಷ್ಟೂ ದಿನ ಗುಬ್ಬಿಯ ಕುಲುಮೆಯಲ್ಲಿ ಅಪ್ಪನ ಎದುರು ಸುಮ್ಮನೆ ಕೂತಿರುತ್ತಿದ್ದೆ. ನಮ್ಮಿಬ್ಬರ ನಡುವೆ ಆ ಮೇಲೆ ಕೈ ಏಳಲಿಲ್ಲ. ಬೈಗುಳಕ್ಕೇನೂ ಕೊರತೆಯಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ದಿನ ಆ ತಮ್ಮ ತಾವೇ ಅಂಗಡಿಗೆ ಬಂದರು. ಬಲತೋಳು ಟವೆಲ್ಲಿನ ಅಡಿಯಲ್ಲಿತ್ತು. ಬೆಂಚಿನ ಮೇಲೆ ಕೂತು, ಕುಣಿಗಲ್ಲಿನಲ್ಲಿ ಎಳನೀರಿನ ಗಾಡಿ ಹಾಕುತ್ತಿದ್ದೇನೆ, ಎಡಗೈಯಲ್ಲಿ ಕೊಚ್ಚುವ ಮಚ್ಚು ಎಲ್ಲೂ ಸಿಗುತ್ತಿಲ್ಲ ಅಂದರು. ನಿಜ. ನಮ್ಮ ಕಡೆ ಮಚ್ಚಿಗೆ ಒಂದೇ ಪಕ್ಕ ಸಾಣೆ ಹಿಡಿಯುವುದು, ಅದು ಬಲಗೈಯವರಿಗೆ. ಎಡಗೈಯಲ್ಲಿ ಹಿಡಿದರೆ ಕಾಯಿ ಮೇಲೆ ಜಾರುತ್ತದೆ.

"ಇನ್ನೊಂದ್ ಪಕ್ಕ ಸಾಣೆ ಹಿಡಿದು ಮಾಡ್ಕೊಡ್ತೀನಿ" ಅಂದೆ. "ನಾಳೆ ಬನ್ನಿ."

ಅವರು ನನ್ನ ಮುಖ ನೋಡಿದರು.

"ನಮ್ಮಣ್ಣಂಗೂ ಅವತ್ತು ಇದೇ ಮಾತ್ ಹೇಳಿದ್ರೆ ಆಗೋದಲ್ಲ ಸಾಮಿ" ಅಂದರು.

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು, ಸಿಟ್ಟಿನ ಮುಂದೆ ಹೇಗೆ ನಿಲ್ಲಬೇಕೆಂದು ಗೊತ್ತಿತ್ತು. ಹಿಡಿಗೆಂದು ಅವರ ಎಡಗೈ ಅಳತೆ ತೆಗೆದುಕೊಂಡೆ.

ಆ ಸಂಜೆ ಅಪ್ಪ ಸಾಣೆ ಹಿಡಿಯಲು ಬಂದಾಗ ಬೇಡ ಅಂದು ನಾನೇ ಹಿಡಿದೆ. ಆ ಮಚ್ಚಿಗೆ ನಕ್ಷತ್ರ ಒತ್ತಲಿಲ್ಲ. ಕೆಂಪು ಪುಸ್ತಕ ಮತ್ತು ಅದರ ಜೊತೆಯವು ಎಲ್ಲಿ ಹೋದವೋ ಗೊತ್ತಿಲ್ಲ. ಕೋರ್ಟಿನಿಂದ ತೆಗೆಸಿದ ಮಹಜರಿನ ನಕಲು ಮಾತ್ರ ಅಂಗಡಿಯಲ್ಲಿ ಕನ್ನಡಕದ ಡಬ್ಬಿಯ ಅಡಿಯಲ್ಲಿದೆ. ಒಂದೇ ಹಾಳೆ, ಓದಲು ಎರಡು ನಿಮಿಷ ಸಾಕು. ಸಭೆಯಲ್ಲಿ ನಾನು ಓದಬೇಕೆಂದು ಜೇಬಿನಲ್ಲಿ ಇಟ್ಟುಕೊಂಡು ಹೋಗಿದ್ದು ಅದನ್ನೇ.

ಮಾರನೇ ದಿನ ಅವರು ಬಂದರು. ಮಚ್ಚನ್ನು ಎಡಗೈಯಲ್ಲಿ ಹಿಡಿದು ಎರಡು ಸಲ ಗಾಳಿಯಲ್ಲಿ ಬೀಸಿ ನೋಡಿ, ಪೇಪರಿನಲ್ಲಿ ಸುತ್ತಿ ಕೊಡಲು ಹೇಳಿದರು. ಒಂದೇ ಕೈಯವರಾದ್ದರಿಂದ ದಾರವನ್ನು ನಾನೇ ಕಟ್ಟಿದೆ.